ಒಂದೇ ಹೆಸರಲ್ಲಿ ಎರಡು ಫಂಕ್ಷನ್ ಪೈಥಾನಲ್ಲಿ ಯಾಕೆ ನಡೆಯಲ್ಲ?

ಪ್ರಶ್ನೆ: ಸರ್, ನಮ್ದು ಶಿರಸಿ ಹತ್ರ ಒಂದು ಹಳ್ಳಿ. ಕಾಲೇಜಲ್ಲಿ ಜಾವಾ ಕಲ್ತಿದ್ದೆ, ಈಗ ಮನೆ ಅಡಿಕೆ ಲೆಕ್ಕಕ್ಕೆ ಪೈಥಾನಲ್ಲಿ ಬರೀತಿದೀನಿ. 'ತೂಕ' ಅಂತ ಎರಡು ಫಂಕ್ಷನ್, ಒಂದಕ್ಕೆ ಒಂದೇ ಚೀಲದ ಕೆಜಿ ಕೊಡೋದು, ಕೆಳಗಿಂದಕ್ಕೆ ಎಲ್ಲಾ ಚೀಲದ ಲಿಸ್ಟ್. ಮೇಲಿಂದು ಓಡ್ತಾನೇ ಇಲ್ಲ. ಓವರ್‌ಲೋಡಿಂಗ್, ಅಂದ್ರೆ ಒಂದೇ ಹೆಸರಲ್ಲಿ ಹಲವು ಫಂಕ್ಷನ್ ಇಟ್ಟು ಕೊಟ್ಟಿದ್ದನ್ನ ನೋಡಿ ಆರಿಸೋ ಸೌಲಭ್ಯ, ಪೈಥಾನ್ ಕೊಡ್ಬೇಕಿತ್ತಲ್ವಾ?

ಉತ್ತರ: ಪೈಥಾನಲ್ಲಿ ಡೆಫ್ ಅಂದ್ರೆ ಒಂದು ಹೆಸರಿಗೆ ಫಂಕ್ಷನ್ ಅಂಟ್ಸೋದು ಅಷ್ಟೇ, ಅದೇ ಹೆಸರಿಗೆ ಇನ್ನೊಂದು ಅಂಟ್ಸಿದ್ರೆ ಹಳೇದು ಹೋಯ್ತು, ಆವಾಗ ಒಂದು ಎರರ್ ಕೂಡ ಬರಲ್ಲ. ನೀವು 65.5 ಕೊಟ್ರೆ ಅದು ಲಿಸ್ಟ್ ಫಂಕ್ಷನ್ನಿಗೇ ಹೋಗತ್ತೆ, ಫ್ಲೋಟ್ (ದಶಮಾಂಶ ಸಂಖ್ಯೆ) ಮೇಲೆ ಲೂಪ್ ಓಡಲ್ಲ ಅಂತ ಅಲ್ಲಿ ಟೈಪ್‌ಎರರ್.

ಜಾವಾ ಥರದ ಓವರ್‌ಲೋಡಿಂಗ್ ಇಂಥ ಭಾಷೆಗೆ ಬೇಡ ಅಂತ್ಲೇ ನಾನು ಹೇಳೋದು. ಜಾವಾದಲ್ಲಿ ಯಾವ ಮೆಥಡ್ ಅನ್ನೋದು ಕಂಪೈಲ್ ಆಗೋವಾಗ್ಲೇ, ನೀವು ಬರೆದಿಟ್ಟ ಟೈಪ್ (ಸಂಖ್ಯೆನಾ, ಲಿಸ್ಟಾ ಅನ್ನೋದು) ನೋಡಿ ತೀರ್ಮಾನ ಆಗಿರತ್ತೆ. ಪೈಥಾನಲ್ಲಿ ವೇರಿಯಬಲ್ಲಿಗೆ ಟೈಪೇ ಇಲ್ಲ, ಒಳಗಿರೋ ವಸ್ತುವಿಗೆ ಮಾತ್ರ ಇರೋದು, ಹಂಗಾಗಿ ಓಡೋ ಹೊತ್ತಲ್ಲೇ ನೋಡಿ ಆರಿಸ್ಬೇಕು. ಜೂಲಿಯಾ, ಕಾಮನ್ ಲಿಸ್ಪ್ ಅದನ್ನೇ ಮಾಡ್ತವೆ, ಚೆನ್ನಾಗೇ ಮಾಡ್ತವೆ, ಆದ್ರೆ ಅಲ್ಲಿ ಇಡೀ ಭಾಷೆನೇ ಅದಕ್ಕೆ ಹೊಂದೋ ಹಾಗೆ ಕಟ್ಟಿದಾರೆ. ಮತ್ತೆ ಜಾವಾದಲ್ಲೂ ಇದು ಸಲೀಸಲ್ಲ: ಇಂಟಿಜರ್ ಲಿಸ್ಟಲ್ಲಿ 3, 2, 1 ಇದ್ದಾಗ ರಿಮೂವ್ ಮಾಡೋಕೆ 1 ಕೊಟ್ಟು ನೋಡಿ, 1 ಹೋಗಲ್ಲ, ಇಂಡೆಕ್ಸ್ 1ರಲ್ಲಿರೋ 2 ಹೋಗತ್ತೆ. ಒಂದೇ ಹೆಸರಿಗೆ ಎರಡು ಅರ್ಥ ಇಟ್ಟಿದ್ದಕ್ಕೇ ಈ ಪಜೀತಿ.

ಇನ್ನೊಂದು ದೊಡ್ಡ ಕಾರಣ ಇದೆ. ಇವತ್ತು ಲಿಸ್ಟ್ ಕೊಡ್ತೀರಿ, ನಾಳೆ ಟಪಲ್ (ಬದಲಾಯಿಸೋಕೆ ಆಗದ ಲಿಸ್ಟ್ ಥರದ್ದು) ಕೊಡ್ತೀರಿ, ಆಮೇಲೆ ಫೈಲಿಂದ ಒಂದೊಂದೇ ತೂಕ ಓದಿ ಕೊಡೋ ಜನರೇಟರ್. ಬರೀ ಸಮ್ ಹಾಕಿದ್ರೆ ಮೂರೂ ನಡೀತವೆ, ಅದೇ 'ಲಿಸ್ಟ್ ಆದ್ರೆ ಮಾತ್ರ' ಅಂತ ಬಾಗಿಲಲ್ಲೇ ಟೈಪ್ ಕೇಳಿದ್ರೆ ಉಳಿದೆರಡು ಹೊರಗೇ ನಿಲ್ತವೆ, ಈ ಸಲೀಸಿಗೋಸ್ಕರನೇ ಅಲ್ವಾ ನಾವು ಪೈಥಾನ್ ಹಿಡಿಯೋದು!

ನಿಜವಾಗ್ಲೂ ಟೈಪ್ ಮೇಲೇ ಕೆಲಸ ಬೇರೆ ಆಗ್ಬೇಕು ಅಂದ್ರೆ 2014ರ ಪೈಥಾನ್ 3.4ರಿಂದ ಫಂಕ್‌ಟೂಲ್ಸ್ ಅನ್ನೋ ಮಾಡ್ಯೂಲಲ್ಲಿ ಟೈಪ್ ನೋಡಿ ಫಂಕ್ಷನ್ ಆರಿಸೋ ಸಿಂಗಲ್‌ಡಿಸ್ಪ್ಯಾಚ್ ಇದೆ, ಅದು ಮೊದಲ್ನೇ ಆರ್ಗ್ಯುಮೆಂಟ್ ಒಂದನ್ನೇ ನೋಡತ್ತೆ. ಟೈಪಿಂಗ್ ಅನ್ನೋ ಮಾಡ್ಯೂಲಲ್ಲಿರೋ ಓವರ್‌ಲೋಡ್ ನೋಡಿ ಮೋಸ ಹೋಗ್ಬೇಡಿ, ಅದು ಟೈಪ್ ಚೆಕರ್‌ಗೆ (ಓಡಿಸೋ ಮೊದ್ಲೇ ಟೈಪ್ ಪರೀಕ್ಷಿಸೋ ಟೂಲ್) ಹೇಳೋ ಮಾಹಿತಿ ಅಷ್ಟೇ.

ನಿಮ್ಮ ಲೆಕ್ಕಕ್ಕೆ ಅದೂ ಬೇಡ. ಒಂದು ಚೀಲ ಅಂದ್ರೆ ಒಂದೇ ಚೀಲ ಇರೋ ಲಿಸ್ಟ್, ಚೌಕ ಬ್ರ್ಯಾಕೆಟ್ಟಲ್ಲಿ 65.5 ಹಾಕಿ ಅದೇ ಫಂಕ್ಷನ್ನಿಗೆ ಕೊಡಿ. ಚಾಲಿ, ರಾಶಿ, ಬೆಟ್ಟೆ ಅಂತ ಅಡಿಕೆಯ ಒಂದೊಂದು ಬಗೆಗೂ ಬೇರೆ ಬೇರೆ ಫಂಕ್ಷನ್ ಬರೀಬೇಡಿ, ಬೇರೆ ಇರೋದು ಕ್ವಿಂಟಲ್ ದರ ಮಾತ್ರ, ಅದನ್ನ ಒಂದು ಡಿಕ್ಷನರಿಲಿ ಇಟ್ಕೊಂಡ್ರೆ ಟೆಂಡರ್ ದರ ಬದಲಾದ ದಿನ ಒಂದು ಸಾಲು ತಿದ್ದಿದ್ರಾಯ್ತು.