ನಕ್ಷತ್ರ ಕಂಡ ಕಲ್ಲೆಲ್ಲ ನಕ್ಷತ್ರಮೀನಲ್ಲ

ಪ್ರಶ್ನೆ: ಕಪ್ಪತಗುಡ್ಡದ ಹತ್ತಿರದ ನಮ್ಮ ಹೊಲದಲ್ಲಿ ನಕ್ಷತ್ರದ ಗುರುತಿರುವ ಕಲ್ಲು ಸಿಕ್ಕಿದೆ, ಫೋಟೊ ಕಳಿಸಿದ್ದೇನೆ. ಪರಿಚಯದವರೊಬ್ಬರು ನಿಂಬೆರಸ ಹಿಂಡಿದರು, ನೊರೆ ಬಂತು. ‘ನಕ್ಷತ್ರಮೀನಿನ ಪಳೆಯುಳಿಕೆ, ಲಕ್ಷ ಬಾಳುತ್ತೆ’ ಅಂದರು. ನಿಜವೇ?
– ಓದುಗರು, ಮುಂಡರಗಿ

ಉತ್ತರ: ಅಲ್ಲ. ಹುಬ್ಬಳ್ಳಿ, ಹಾವೇರಿ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತಲೇ ಇದೆ. ಒಮ್ಮೆ ಪೂರ್ತಿ ಹೇಳಿಬಿಡುತ್ತೇನೆ.

ಕಪ್ಪತಗುಡ್ಡದ ಬಂಡೆಗಳಿಗೆ 250 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಪ್ರಾಣಿಗಳ ಪಳೆಯುಳಿಕೆ ಸಿಗುವುದು ಸುಮಾರು 60 ಕೋಟಿ ವರ್ಷದ ಈಚೆಗೆ. ನಕ್ಷತ್ರಮೀನಿನ ಬಳಗ ಇನ್ನೂ ಈಚಿನದು. 2021ರಲ್ಲಿ ವಿವರ ಪ್ರಕಟವಾದ ಮೊರಾಕ್ಕೊದ ಕ್ಯಾಂಟಾಬ್ರಿಜಿಯಾಸ್ಟರ್ ಎಂಬ ನಕ್ಷತ್ರಮೀನಿನಂಥ ಪ್ರಾಣಿಯ ಪಳೆಯುಳಿಕೆ ಸುಮಾರು 48 ಕೋಟಿ ವರ್ಷದ್ದು. ಅದರ ತೋಳಿನ ಕಟ್ಟು ಸೀ ಲಿಲಿ ಎಂಬ ಹೂವಿನಂಥ ಸಮುದ್ರಪ್ರಾಣಿಯ ತೋಳನ್ನು ಹೋಲುತ್ತದೆ. ಯಾವ ಪ್ರಾಣಿ ಯಾವುದರ ನೆಂಟ ಅಂತ ಗೊತ್ತಾಗುವುದು ಇಂಥ ಕಟ್ಟಿನಿಂದ, ನಕ್ಷತ್ರದ ಆಕಾರದಿಂದಲ್ಲ.

ಹಾಗಾಗಿ ನೀವೂ ಆಕಾರ ಬಿಟ್ಟು ಬಿಡಿಭಾಗ ನೋಡಿ. ನಕ್ಷತ್ರಮೀನಿನ ಅಸ್ಥಿಪಂಜರ ಅಂದರೆ ನೂರಾರು ಪುಟ್ಟ ಬಿಲ್ಲೆಗಳು. ಸತ್ತ ಮೇಲೆ ಚರ್ಮ, ಸ್ನಾಯು ಕೊಳೆತು, ದಾರ ಹರಿದ ಮಣಿಸರದ ಹಾಗೆ ಚದುರಿ ಹೋಗುತ್ತವೆ. ಕೂಡಲೇ ಕೆಸರು ಮುಚ್ಚಿದರಷ್ಟೇ ಇಡೀ ನಕ್ಷತ್ರ ಉಳಿಯುತ್ತದೆ. ಉಳಿದರೆ, ತೋಳಿನ ಕೆಳಮೈಯಲ್ಲಿ ಬಾಯಿಯಿಂದ ತುದಿಯವರೆಗೆ ಒಂದು ಸಣ್ಣ ತೋಡು, ಅದರುದ್ದಕ್ಕೂ ಜೋಡಿ ಜೋಡಿ ಬಿಲ್ಲೆ ಕಾಣಬೇಕು. ಒಡೆದ ಬಿಲ್ಲೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದರೆ ಮುಖವಿಡೀ ಫಳ್ಳನೆ ಹೊಳೆಯುತ್ತದೆ, ಏಕೆಂದರೆ ಒಂದೊಂದು ಬಿಲ್ಲೆಯೂ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದ ಒಂದೇ ಹರಳು. ನಿಮ್ಮ ಫೋಟೊದಲ್ಲಿ ಇದ್ಯಾವುದೂ ಇಲ್ಲ. ನಡುವಿನಿಂದ ಸುತ್ತ ಚಾಚಿದ ಸೂಜಿಯಂಥ ಖನಿಜ ಹರಳುಗಳಿವೆ, ಅಷ್ಟೇ. ನೆಲದಾಳದಲ್ಲಿ ಕಲ್ಲು ಬಿಸಿಗೆ, ಒತ್ತಡಕ್ಕೆ ಸಿಕ್ಕಾಗ ಹೀಗೆ ಬೆಳೆಯುತ್ತವೆ.

ಇನ್ನು ನಿಂಬೆರಸ. ಕ್ಯಾಲ್ಸೈಟ್ ಎಳೆ ಇದ್ದರೆ ಎಂಥ ಕಲ್ಲಾದರೂ ನೊರೆ ಬಿಡುತ್ತದೆ. ಇದನ್ನು ಪರೀಕ್ಷೆ ಅಂತ ಹೇಳಿ ದುಡ್ಡು ಕೀಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಿಜವಾದ ಪಳೆಯುಳಿಕೆಗೆ ಹಾಕಿದರಂತೂ ನಾವು ನೋಡಬೇಕಾದ ನವಿರು ಗುರುತುಗಳೇ ಕರಗುತ್ತವೆ. ಯಾವ ಕಲ್ಲಿಗೂ ಹಾಕಬೇಡಿ. ಸುತ್ತಿಗೆಯನ್ನೂ ಮುಟ್ಟಬೇಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ದುಂಡು ಕಲ್ಲಿನ ಮೇಲೆ ಐದೆಸಳಿನ ಗುರುತಿದೆ. ಇದಾದರೂ ನಕ್ಷತ್ರಮೀನೇ?
– ಓದುಗರು, ಧಾರವಾಡ

ಉತ್ತರ: ಅಸಲಿ ಇದ್ದರೆ ಅದು ಸೀ ಅರ್ಚಿನ್, ಮೈತುಂಬ ಮುಳ್ಳಿರುವ ದುಂಡನೆ ಸಮುದ್ರಪ್ರಾಣಿ. ಬಳಗ ಒಂದೇ, ಪ್ರಾಣಿ ಬೇರೆ.

ಪ್ರಶ್ನೆ: ನಕ್ಷತ್ರಮೀನು ಆಕ್ಟೋಪಸ್‌ನ ನೆಂಟನೇ?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಅದಕ್ಕಿಂತ ನಮಗೇ ಹತ್ತಿರ. ನಕ್ಷತ್ರಮೀನಿನ ಲಾರ್ವಾ, ಅಂದರೆ ಮರಿ ನೋಡಮ್ಮ, ನಮ್ಮ ಹಾಗೆ ಎಡ-ಬಲ ಸಮ ಇರುತ್ತದೆ. ಐದು ತೋಳು ಆಮೇಲೆ ಮೂಡುತ್ತವೆ.

ಪ್ರಶ್ನೆ: ಒಣಗಿದ ನಕ್ಷತ್ರಮೀನನ್ನು ಬಾಗಿಲಿಗೆ ಕಟ್ಟಿದರೆ ದೃಷ್ಟಿ ತಾಗಲ್ಲ ಅಂತಾರೆ, ಹೌದೇ?
– ಓದುಗರು, ರಾಣೇಬೆನ್ನೂರು

ಉತ್ತರ: ಸುಳ್ಳು. ಬಹಳಷ್ಟು ಸಲ ಜೀವ ಇರುವುದನ್ನೇ ಹಿಡಿದು ಒಣಗಿಸಿ ಮಾರುತ್ತಾರೆ. ಕೊಳ್ಳಬೇಡಿ.