ಹಜಾರಕ್ಕೆ ಹೊಸ ಟಿವಿ: 55 ಇಂಚು ಬೇಕೇ, ಓಎಲ್‌ಇಡಿ ಬೇಕೇ?

ಪ್ರಶ್ನೆ: ನಮ್ಮ 32 ಇಂಚಿನ ಹಳೆಯ ಟಿವಿಯ ಪರದೆಯಲ್ಲಿ ಗೆರೆಗಳು ಮೂಡಿರುವುದರಿಂದ ಹೊಸದನ್ನು ಕೊಳ್ಳಬೇಕಾಗಿದೆ. ಸೋಫಾದಿಂದ ಟಿವಿ ಗೋಡೆಗೆ ಸುಮಾರು 9 ಅಡಿ ದೂರವಿದೆ, ಪಕ್ಕದಲ್ಲೇ ದೊಡ್ಡ ಕಿಟಕಿಯಿದೆ. ಅತ್ತೆಯವರು ಧಾರಾವಾಹಿ, ಯಜಮಾನರು ಸುದ್ದಿ, ಮಕ್ಕಳು ಕ್ರಿಕೆಟ್ ಮತ್ತು ಸಿನಿಮಾ ನೋಡುತ್ತಾರೆ. ಒಂದು ಅಂಗಡಿಯವರು 55 ಇಂಚಿನ 4ಕೆ ಕ್ಯುಎಲ್‌ಇಡಿ ಎಂದರೆ, ಇನ್ನೊಬ್ಬರು ಹಣ ಸೇರಿಸಿ ಓಎಲ್‌ಇಡಿಯನ್ನೇ ಕೊಳ್ಳಿ ಎನ್ನುತ್ತಾರೆ. ನಮ್ಮ ಬಜೆಟ್ 45 ಸಾವಿರ ರೂಪಾಯಿ. ಯಾವುದು ಸೂಕ್ತ?
– ತಿಪಟೂರಿನ ಓದುಗರೊಬ್ಬರು

ಉತ್ತರ: ಅಂಗಡಿಯಲ್ಲಿ ತೋರಿಸುವ ಚಿತ್ರಕ್ಕೂ ನಿಮ್ಮ ಮನೆಯಲ್ಲಿ ಬರುವ ಚಿತ್ರಕ್ಕೂ ಬಹಳ ವ್ಯತ್ಯಾಸವಿರುತ್ತದೆ ಎಂಬುದನ್ನು ಮೊದಲು ಗಮನಿಸಿ. ಅಲ್ಲಿ ಓಡುವುದು ಪ್ರದರ್ಶನಕ್ಕೆಂದೇ ಚಿತ್ರೀಕರಿಸಿದ 4ಕೆ ದೃಶ್ಯ. ಅದರಲ್ಲಿ 3840 ಅಡ್ಡ ಮತ್ತು 2160 ಲಂಬ ಪಿಕ್ಸೆಲ್‌ಗಳಿರುತ್ತವೆ. ನಿಮ್ಮ ಯಜಮಾನರು ನೋಡುವ ಸಾಮಾನ್ಯ ಎಸ್‌ಡಿ (ಕಡಿಮೆ ಸ್ಪಷ್ಟತೆಯ) ವಾಹಿನಿಯಲ್ಲಿ ಇರುವುದು 576 ಸಾಲುಗಳು ಮಾತ್ರ. ಉಳಿದ ಪಿಕ್ಸೆಲ್‌ಗಳನ್ನೆಲ್ಲ ಟಿವಿಯೇ ಊಹಿಸಿ ತುಂಬಬೇಕಾಗುತ್ತದೆ, ಪರದೆ ದೊಡ್ಡದಾದಷ್ಟೂ ಆ ಊಹೆಯ ಮಬ್ಬು ಎದ್ದು ಕಾಣುತ್ತದೆ. ಆದ್ದರಿಂದ ಅಂಗಡಿಯಲ್ಲಿ ಸಂಕೋಚಪಡದೆ ಡಿಡಿ ಚಂದನ ಅಥವಾ ಯಾವುದಾದರೂ ಸುದ್ದಿ ವಾಹಿನಿಯನ್ನು ಹಾಕಿಸಿ, 9 ಅಡಿ ಹಿಂದೆ ನಿಂತು ನೋಡಿ. ಸುದ್ದಿ ಓದುವವರ ಮುಖದ ಅಂಚು, ಕೆಳಗೆ ಓಡುವ ಅಕ್ಷರಗಳ ಒತ್ತುಗಳು ಸ್ಪಷ್ಟವಾಗಿವೆಯೇ ಎಂಬುದೇ ನಿಮಗೆ ಬೇಕಾದ ಪರೀಕ್ಷೆ.

ಅಳತೆಯ ವಿಷಯಕ್ಕೆ ಬರೋಣ. ಆರೋಗ್ಯವಂತ ಕಣ್ಣು 55 ಇಂಚಿನ ಪರದೆಯ ಮೇಲೆ ಫುಲ್ ಎಚ್‌ಡಿಯ (1920 ಅಡ್ಡ, 1080 ಲಂಬ) ಪಿಕ್ಸೆಲ್‌ಗಳನ್ನು ಬಿಡಿಬಿಡಿಯಾಗಿ ಗುರುತಿಸಬಲ್ಲದು ಸುಮಾರು 7 ಅಡಿಯ ಒಳಗಿದ್ದರೆ ಮಾತ್ರ. 9 ಅಡಿ ದೂರದಿಂದ 4ಕೆಯ ಹೆಚ್ಚುವರಿ ಸೂಕ್ಷ್ಮತೆ ಬಹುಮಟ್ಟಿಗೆ ಕಣ್ಣಿಗೆ ದಕ್ಕುವುದೇ ಇಲ್ಲ. ಈ ಅಳತೆಯ ಟಿವಿಗಳೆಲ್ಲ ಈಗ ಹೇಗೂ 4ಕೆಯಲ್ಲೇ ಬರುತ್ತವೆ, ಬರಲಿ. ಆದರೆ ಆ ಹೆಸರಿಗಾಗಿ ಹೆಚ್ಚು ಹಣ ಕೊಡಬೇಡಿ. ಎಸ್‌ಡಿ ವಾಹಿನಿಗಳನ್ನು ನೋಡುವವರೇ ಹೆಚ್ಚಾಗಿರುವ ನಿಮ್ಮ ಮನೆಗೆ 50 ಇಂಚು ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ಎಚ್‌ಡಿ ಸೆಟ್‌ಟಾಪ್ ಬಾಕ್ಸ್ ಹಾಕಿಸಿಕೊಂಡು, ನೀವು ನೋಡುವ ಮನರಂಜನಾ ವಾಹಿನಿಗಳ ಎಚ್‌ಡಿ ಆವೃತ್ತಿಯನ್ನೇ ಪಡೆಯುವುದಾದರೆ 55 ಇಂಚಿನ ಬಗ್ಗೆ ಯೋಚಿಸಬಹುದು.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಎಷ್ಟೋ ಮನೆಗಳಲ್ಲಿ ಹೊಸ ಟಿವಿಗೆ ಹಳೆಯ ಹಳದಿ, ಬಿಳಿ, ಕೆಂಪು ಪಿನ್ನುಗಳ ವೈರನ್ನೇ ಸಿಕ್ಕಿಸಿರುತ್ತಾರೆ. ಆ ವೈರಿನಲ್ಲಿ ಎಚ್‌ಡಿ ಚಿತ್ರ ಬರುವುದಿಲ್ಲ. ಬಾಕ್ಸ್‌ನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿಸಿ. ಕೆಲವೇ ನೂರು ರೂಪಾಯಿಯ ಈ ಕೇಬಲ್ ಕೊಡುವ ಸುಧಾರಣೆಯನ್ನು ಎಷ್ಟೋ ಸಲ ದುಬಾರಿ ಟಿವಿಯೂ ಕೊಡಲಾರದು.

ಇನ್ನು ಪರದೆಯ ಬಗೆ. ಕ್ಯುಎಲ್‌ಇಡಿ ಎಂಬುದು ಎಲ್‌ಸಿಡಿ ಪರದೆಯೇ. ಹಿಂಬದಿಯ ಬೆಳಕಿಗೆ ಕ್ವಾಂಟಮ್ ಡಾಟ್ ಎಂಬ ಅತಿ ಸೂಕ್ಷ್ಮ ಕಣಗಳ ಪದರವೊಂದನ್ನು ಸೇರಿಸಿರುವುದರಿಂದ ಬಣ್ಣಗಳು ತುಂಬಿಕೊಂಡು ಕಾಣುತ್ತವೆ. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಬೆಳಗುವುದರಿಂದ ಕಪ್ಪು ಬಣ್ಣ ನಿಜವಾಗಿ ಕಪ್ಪಾಗಿರುತ್ತದೆ, ಕತ್ತಲೆ ಕೋಣೆಯಲ್ಲಿ ಸಿನಿಮಾ ನೋಡಲು ಅದು ಅತ್ಯುತ್ತಮ. ಆದರೆ ನಿಮ್ಮ ಬಜೆಟ್‌ಗೆ ಅದು ಎಟುಕುವುದಿಲ್ಲ. ಸುದ್ದಿ ವಾಹಿನಿಯ ಲಾಂಛನ ಮತ್ತು ಕೆಳಗಿನ ಪಟ್ಟಿ ದಿನವೂ ಗಂಟೆಗಟ್ಟಲೆ ಒಂದೇ ಕಡೆ ನಿಂತರೆ ಓಎಲ್‌ಇಡಿ ಪರದೆಯ ಮೇಲೆ ಶಾಶ್ವತ ಗುರುತು ಉಳಿಯುವ ಅಪಾಯವೂ ಇದೆ. ಸಾಲ ಮಾಡಿ ಕೊಳ್ಳುವ ಅಗತ್ಯವಂತೂ ಖಂಡಿತ ಇಲ್ಲ.

ಎಲ್‌ಸಿಡಿಯಲ್ಲೇ ಐಪಿಎಸ್ ಮತ್ತು ವಿಎ ಎಂಬ ಎರಡು ಬಗೆಗಳಿವೆ, ಮಾರಾಟಗಾರರು ಇದನ್ನು ತಾವಾಗಿ ಹೇಳುವುದು ಅಪರೂಪ. ವಿಎ ಪರದೆಯಲ್ಲಿ ಕಪ್ಪು ಗಾಢವಾಗಿರುತ್ತದೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಪೇಲವವಾಗುತ್ತದೆ. ಐಪಿಎಸ್ ಪರದೆಯ ಕಪ್ಪು ಸ್ವಲ್ಪ ಬೂದು, ಆದರೆ ದಿವಾನದ ತುದಿಯಲ್ಲೋ ಚಾಪೆಯ ಮೇಲೋ ಓರೆಯಾಗಿ ಕುಳಿತವರಿಗೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಇಡೀ ಮನೆಯವರು ಹಜಾರದ ಉದ್ದಕ್ಕೂ ಹರಡಿಕೊಂಡು ಕೂರುವುದಾದರೆ ಐಪಿಎಸ್ ಮೇಲು. ಕಿಟಕಿಯ ಬೆಳಕು ಪರದೆಯಲ್ಲಿ ಪ್ರತಿಫಲಿಸದಂತೆ ದಪ್ಪ ಪರದೆ ಬಟ್ಟೆ ಹಾಕಿ. ಮಾದರಿ ಆರಿಸುವಾಗ ಕನ್ನಡಿಯಂತೆ ಹೊಳೆಯದ ಮೇಲ್ಮೈಗೆ ಆದ್ಯತೆ ಕೊಡಿ.

ಪೆಟ್ಟಿಗೆಯ ಮೇಲಿನ ಉಳಿದ ಹೊಗಳಿಕೆಗಳಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಹೊಳಪು ಕಡಿಮೆಯಿರುವ ಅಗ್ಗದ ಪರದೆಯಲ್ಲಿ ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರವನ್ನು ಹೆಚ್ಚಿಸಿ ತೋರಿಸುವ ಸೌಲಭ್ಯ) ಹೆಸರಿಗಷ್ಟೇ. ನಮ್ಮ ಡಿಟಿಎಚ್‌ನಲ್ಲಿ ಕ್ರಿಕೆಟ್ ಬರುವುದು 50 ಹರ್ಟ್ಸ್‌ನಲ್ಲಿ, ಅಂದರೆ ಚಿತ್ರ ಸೆಕೆಂಡಿಗೆ 50 ಸಲ ಬದಲಾಗುತ್ತದೆ, ಹಾಗಾಗಿ 120 ಹರ್ಟ್ಸ್ ಪರದೆಗೆ ಹಣ ಸುರಿಯುವುದು ವ್ಯರ್ಥ. ಸ್ಮಾರ್ಟ್ ಸೌಲಭ್ಯ ಕೆಲವು ವರ್ಷಗಳಲ್ಲಿ ನಿಧಾನವಾದರೆ ಟಿವಿಗೆ ಸಿಕ್ಕಿಸಿ ಇಂಟರ್‌ನೆಟ್ ವಿಡಿಯೊ ನೋಡುವ ಒಂದು ಸ್ಟ್ರೀಮಿಂಗ್ ಸ್ಟಿಕ್ ಹಾಕಿಕೊಳ್ಳಬಹುದು, ಆದರೆ ಪರದೆಯನ್ನು ಬದಲಿಸಲಾಗದು.

32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ. ಬಿಲ್ಲಿನಲ್ಲಿ ಆ ದರವೇ ಇದೆಯೇ ನೋಡಿ. ಟಿವಿ ಮನೆಗೆ ಬಂದಾಗ ಕಂಪನಿಯ ತಂತ್ರಜ್ಞರ ಎದುರೇ ಪೆಟ್ಟಿಗೆ ತೆರೆಸಿ, ಪೂರ್ತಿ ಬಿಳಿ ಮತ್ತು ಪೂರ್ತಿ ಕಪ್ಪು ಚಿತ್ರಗಳನ್ನು ಹಾಕಿ ಚುಕ್ಕೆ, ಮಚ್ಚೆ ಇಲ್ಲವೆಂದು ಖಾತ್ರಿಪಡಿಸಿಕೊಂಡ ಮೇಲೆಯೇ ಗೋಡೆಗೆ ಹಾಕಿಸಿ. ಸೋಫಾದಲ್ಲಿ ಕುಳಿತಾಗ ಪರದೆಯ ನಡುಭಾಗ ಕಣ್ಣಿನ ಮಟ್ಟಕ್ಕೆ ಸರಿಸುಮಾರಾಗಿ ಬರುವಷ್ಟು ಎತ್ತರವಿದ್ದರೆ ಕುತ್ತಿಗೆ ನೋಯುವುದಿಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಿಂಚಿನ ದಿನಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗಿನ ಜೊತೆಗೆ ಡಿಶ್‌ನಿಂದ ಬರುವ ಕೇಬಲ್ಲನ್ನೂ ಕಳಚಿಡಿ.