ಕಾನೂನು ಬಿಗಿ ಮಾಡಿ ಇನ್‌ಸ್ಪೆಕ್ಟರುಗಳನ್ನು ಹೆಚ್ಚಿಸಿದರೆ ಮಾಲಿನ್ಯ ಇಳಿಯುತ್ತದೆಯೇ?

ಪ್ರಶ್ನೆಯಲ್ಲಿರುವ ನಂಬಿಕೆಯನ್ನೇ ನಾನು ಒಪ್ಪೋದಿಲ್ಲ. ಗುಜರಾತಿನಲ್ಲಿ ಆದದ್ದನ್ನು ನೋಡಿ.

ಅಲ್ಲಿ ಹೆಚ್ಚು ಮಾಲಿನ್ಯದ ಕಾರ್ಖಾನೆಗಳು ಪ್ರತಿವರ್ಷ ಖಾಸಗಿ ಆಡಿಟರಿಂದ ಪರೀಕ್ಷೆ ಮಾಡಿಸಿ, ವರದಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕಿತ್ತು. ಕಾನೂನು ಚೆನ್ನಾಗಿಯೇ ಇತ್ತು. ಎಡವಿದ್ದು ಒಂದೇ ಕಡೆ: ಆಡಿಟರನ್ನು ಆರಿಸುವುದೂ ಕಾರ್ಖಾನೆಯೇ, ಫೀಸು ಕೊಡುವುದೂ ಕಾರ್ಖಾನೆಯೇ.

ಚಿಮಣಿ ಹೊಗೆ ಅಳೆಯುವುದು ಕೂತಲ್ಲೇ ಆಗುವ ಕೆಲಸವಲ್ಲ. ಮೇಲೆ ಹತ್ತಿ, ತೂತಿನೊಳಗೆ ಪ್ರೋಬ್ ಎಂಬ ಕೊಳವೆ ತೂರಿಸಿ, ಹೊಗೆ ಹರಿಯುವ ವೇಗದಲ್ಲೇ ಅದನ್ನು ಎಳೆದು, ಫಿಲ್ಟರಿನ ಮೇಲೆ ಕೂತ ದೂಳನ್ನು ತೂಗಬೇಕು. ಎಳೆಯುವ ವೇಗ ಹೆಚ್ಚುಕಮ್ಮಿಯಾದರೆ ದಪ್ಪ ಕಣಗಳ ಲೆಕ್ಕವೇ ತಪ್ಪುತ್ತದೆ. ಇಷ್ಟೆಲ್ಲ ಮಾಡಿ ಕೆಟ್ಟ ಅಂಕಿ ಬರೆದರೆ ಮುಂದಿನ ವರ್ಷ ಗಿರಾಕಿ ಕೈತಪ್ಪುತ್ತಾನೆ. ಹಾಗಾಗಿ ಮಿತಿ ಘನ ಮೀಟರಿಗೆ 150 ಮಿಲಿಗ್ರಾಂ ಎಂದಿದ್ದರೆ, ವರದಿಯ ಬಹುಪಾಲು ಅಂಕಿಗಳು ಅದರ ಸ್ವಲ್ಪ ಕೆಳಗೇ ಗುಂಪುಗೂಡಿದ್ದವು. ವರದಿಗಳ ಪ್ರಕಾರ ಮಿತಿ ಮೀರಿದ ಕಾರ್ಖಾನೆ ಶೇ. 7, ಬೇರೆಯವರು ಮತ್ತೆ ಅಳೆದಾಗ ಶೇ. 59.

ಎಸ್ತರ್ ಡುಫ್ಲೊ ಮತ್ತಿತರ ಅರ್ಥಶಾಸ್ತ್ರಜ್ಞರು ಮಂಡಳಿಯ ಜೊತೆ ಸೇರಿ ಕೆಲವು ಕಾರ್ಖಾನೆಗಳಿಗೆ ಆಡಿಟರನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಫೀಸು ಒಂದೇ ದರ, ಅದೂ ಸಾಮಾನ್ಯ ನಿಧಿಯಿಂದ. ಕೆಲವು ಅಳತೆಗಳನ್ನು ಮತ್ತೊಬ್ಬರು ಹೋಗಿ ಮರುಪರೀಕ್ಷೆ ಮಾಡುತ್ತಿದ್ದರು. ಎರಡನೇ ವರ್ಷದಿಂದ ಸರಿಯಾಗಿ ಅಳೆದವರಿಗೆ ಹೆಚ್ಚು ಹಣ. ವರದಿಗಳು ನಿಜ ಹೇಳತೊಡಗಿದವು, ಕಾರ್ಖಾನೆಗಳ ಮಾಲಿನ್ಯವೂ ಇಳಿಯಿತು. ಕಾನೂನಿನ ಒಂದಕ್ಷರವೂ ಬದಲಾಗಿರಲಿಲ್ಲ.

ಇನ್ನು ನಿಮ್ಮ ಇನ್‌ಸ್ಪೆಕ್ಟರುಗಳ ವಿಷಯ. ಅದೇ ರಾಜ್ಯದಲ್ಲಿ ತಪಾಸಣೆಯನ್ನು ಎರಡು ಪಟ್ಟಿಗೂ ಹೆಚ್ಚು ಮಾಡಿ ನೋಡಿದ್ದಾರೆ. ತಪ್ಪುಗಳು ಹೆಚ್ಚು ಸಿಕ್ಕವು, ಆದರೆ ಸರಾಸರಿ ಮಾಲಿನ್ಯ ಹೆಚ್ಚೇನೂ ಇಳಿಯಲಿಲ್ಲ. ಮಂಡಳಿ ಕಠಿಣ ಕ್ರಮ ಕೈಗೊಳ್ಳುತ್ತಿದ್ದದ್ದು ವಿಪರೀತ ಮಾಲಿನ್ಯ ಮಾಡುವವರ ಮೇಲೆ. ಹೆಚ್ಚುವರಿ ಭೇಟಿಗಳನ್ನು ಎಲ್ಲೆಂದರಲ್ಲಿ ಹಂಚಿದ್ದರಿಂದ ಅಂಥವರು ಸಿಕ್ಕಿದ್ದೇ ಕಡಿಮೆ.

ಅಳತೆ ಸರಿಯಿದ್ದರೂ ಕ್ರಮ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಬ್ರೆಜಿಲ್ ಇದೆ. 2004ರಲ್ಲಿ ಉಪಗ್ರಹದ ಎಚ್ಚರಿಕೆ ಅರಣ್ಯ ಕಾವಲಿನವರಿಗೆ ಬೇಗ ತಲುಪುವ ವ್ಯವಸ್ಥೆ ಬಂತು. ಆ ವರ್ಷ ಅಮೆಜಾನಿನಲ್ಲಿ ಸುಮಾರು 27,700 ಚದರ ಕಿ.ಮೀ. ಕಾಡು ಕಡಿದಿದ್ದರೆ, 2012ಕ್ಕೆ ಅದು 4,600ರ ಆಸುಪಾಸಿಗೆ ಬಂತು (ಪರಿಸರ ನಿಯಮ ಪಾಲಿಸದ ಜಮೀನಿನವರಿಗೆ ಸಾಲದ ನಿರ್ಬಂಧದಂಥ ಬೇರೆ ಕಾರಣಗಳೂ ಇದ್ದವು, ನಿಜ). ಕಾವಲು ಸಡಿಲವಾದ ಮೇಲೆ, 2021ರಲ್ಲಿ, ಮತ್ತೆ 13,000 ದಾಟಿತು. ಉಪಗ್ರಹವೇನೋ ಮೇಲಿಂದ ನೋಡುತ್ತಲೇ ಇತ್ತು.

ಹಾಗಾಗಿ ಯಾವುದೇ ಸಂಸ್ಥೆಯನ್ನು ತೂಗುವಾಗ ಕಾನೂನಿನ ಪ್ರತಿ ಪಕ್ಕಕ್ಕಿಟ್ಟು ಬಜೆಟ್ ತೆರೆಯಿರಿ. ಅಳೆಯುವವನ ಸಂಬಳ ಎಲ್ಲಿಂದ ಬರುತ್ತದೆ, ಮರು ಅಳತೆಗೆ ಹಣ ಇಟ್ಟಿದ್ದಾರಾ, ವರದಿ ಎಷ್ಟು ದಿನದಲ್ಲಿ ದಂಡ ಹಾಕುವ ಅಧಿಕಾರಿಯ ಮೇಜಿಗೆ ಬರುತ್ತದೆ, ಹಾಕಿದ ದಂಡದಲ್ಲಿ ವಸೂಲಾಗಿದ್ದೆಷ್ಟು, ಇವನ್ನು ಕೇಳಿ. ನನ್ನ ಕೈಗೆ ಹೆಚ್ಚುವರಿ ಹಣ ಕೊಟ್ಟರೆ ಮೊದಲು ಮರು ಅಳತೆಗೆ ಹಾಕುತ್ತೇನೆ, ಇನ್‌ಸ್ಪೆಕ್ಟರುಗಳ ನೇಮಕ ಆಮೇಲೆ.